ಡಾಲಿಯ ಮನೆಯ ಬಾಗಿಲು: ‘ಅನ್ನಾ ಕರೆನಿನಾ’ದ ಮರುಓದು



ಟಾಲ್‌ಸ್ಟಾಯ್‌ನ ‘ಅನ್ನಾ ಕರೆನಿನಾ’ದಲ್ಲಿ ಅನ್ನಾ ನಮ್ಮ ಕಣ್ಣಿಗೆ ಬೀಳುವುದು ಮೊದಲ ಭಾಗದ 18ನೇ ಅಧ್ಯಾಯದಲ್ಲಿ. ಕಾದಂಬರಿಗೆ ತನ್ನ ಹೆಸರನ್ನೇ ಕೊಟ್ಟವಳು ಅಷ್ಟು ತಡವಾಗಿ ಬರುತ್ತಾಳೆ. ಅದಕ್ಕೆ ಮೊದಲು ಟಾಲ್‌ಸ್ಟಾಯ್ ನಮ್ಮನ್ನು ಕರೆದುಕೊಂಡು ಹೋಗುವುದು ಮಾಸ್ಕೋದ ಒಂದು ಅಸ್ತವ್ಯಸ್ತ ಮನೆಗೆ. ಗಂಡ ಸ್ಟೀವಾ ಅಬ್ಲಾನ್‌ಸ್ಕಿ, ಮಕ್ಕಳಿಗೆ ಫ್ರೆಂಚ್ ಕಲಿಸಲು ಬಂದಿದ್ದವಳ ಜೊತೆ ಸಂಬಂಧ ಬೆಳೆಸಿದ್ದು ಹೆಂಡತಿಗೆ ಗೊತ್ತಾಗಿ ಮೂರು ದಿನ ಆಗಿದೆ. ಅಡುಗೆಯವನು ಊಟದ ಹೊತ್ತಿಗೇ ಕೆಲಸ ಬಿಟ್ಟು ಹೊರಟುಹೋಗಿದ್ದಾನೆ, ಗಾಡಿಯವನು ಲೆಕ್ಕ ಚುಕ್ತಾ ಮಾಡಿ ಎಂದು ನಿಂತಿದ್ದಾನೆ, ಮಕ್ಕಳು ದಿಕ್ಕಿಲ್ಲದವರ ಹಾಗೆ ಮನೆತುಂಬ ಓಡಾಡುತ್ತಿದ್ದಾರೆ. ಹೆಂಡತಿ ಡಾಲಿ ತನ್ನ ಕೋಣೆಯಲ್ಲಿ ಬಟ್ಟೆಗಳನ್ನು ಹೊರಗೆ ಹರಡಿಕೊಂಡು, ತವರಿಗೆ ಹೋಗಬೇಕು ಎಂದು ತೀರ್ಮಾನಿಸುತ್ತಾಳೆ, ಹೋಗಲಾಗದೆ ಮತ್ತೆ ನಿಲ್ಲುತ್ತಾಳೆ. ಅವಳಿಗೆ 33 ವರ್ಷ. ಬದುಕಿರುವ ಮಕ್ಕಳು ಐದು, ಮಣ್ಣು ಮಾಡಿದವು ಎರಡು.

ಅನ್ನಾ ಪೀಟರ್ಸ್‌ಬರ್ಗ್‌ನಿಂದ ಮಾಸ್ಕೋಗೆ ಬರುವುದು ಈ ಮನೆ ಒಡೆಯದ ಹಾಗೆ ನೋಡಿಕೊಳ್ಳಲು. ಸ್ಟೀವಾ ಅವಳ ಅಣ್ಣ. ಬರುವ ದಾರಿಯಲ್ಲಿ, ರೈಲು ನಿಂತ ಕೂಡಲೇ, ಅವಳ ಕಣ್ಣಿಗೆ, ಮುಂದೆ ಅವಳ ಪ್ರಿಯಕರನಾಗುವ ವ್ರಾನ್‌ಸ್ಕಿ ಬೀಳುತ್ತಾನೆ. ಡಾಲಿಯ ಸಂಸಾರ ಉಳಿಸಲು ಹೊರಟ ಪ್ರಯಾಣವೇ ಅನ್ನಾಳ ಸಂಸಾರವನ್ನು ಮುರಿಯುತ್ತದೆ. ಕಥೆ ಇಲ್ಲಿಂದ ಅನ್ನಾಳ ಬೆನ್ನು ಹಿಡಿಯುತ್ತದೆ. ನಾವು ಡಾಲಿಯನ್ನು ಮರೆಯುತ್ತೇವೆ. ಟಾಲ್‌ಸ್ಟಾಯ್ ಮರೆಯುವುದಿಲ್ಲ. ಇಂದು ನಾನು ಹೇಳಬೇಕೆಂದಿರುವುದೆಲ್ಲ ಈ ಡಾಲಿಯ ಸುತ್ತ ಇದೆ.

ಕೊನೆ ಗೊತ್ತಿರುವ ಕಾದಂಬರಿಯನ್ನು ಮತ್ತೆ ಯಾಕೆ ಓದಬೇಕು ಎಂದು ನನ್ನ ವಿದ್ಯಾರ್ಥಿಗಳು ಕೇಳುತ್ತಿದ್ದರು. ಕುಮಾರವ್ಯಾಸ ಭಾರತದ ವಾಚನಕ್ಕೆ ಕೂತ ಯಾರೂ ಈ ಪ್ರಶ್ನೆ ಕೇಳುವುದಿಲ್ಲ. ಕರ್ಣ ಸಾಯುತ್ತಾನೆ ಎಂಬುದು ಅಲ್ಲಿ ಕೂತ ಮಗುವಿಗೂ ಗೊತ್ತು. ಆದರೂ ಕೃಷ್ಣ ಕರ್ಣನನ್ನು ಪಕ್ಕಕ್ಕೆ ಕರೆದು ಅವನ ಹುಟ್ಟಿನ ಗುಟ್ಟು ಹೇಳುವ ಭಾಗ ಬಂದಾಗ ಸಭೆ ಉಸಿರು ಬಿಗಿಹಿಡಿಯುತ್ತದೆ. ಈ ಸಲವಾದರೂ ಒಪ್ಪಿಕೊಳ್ಳಬಾರದೇ ಎಂದು ಒಳಗೊಳಗೇ ಹಾರೈಸುತ್ತದೆ. ಕೊನೆ ಗೊತ್ತಿರುವವನಿಗೆ ಮಾತ್ರ ಆ ಹಾರೈಕೆ ಸಾಧ್ಯ. ಮೊದಲ ಸಲ ಓದುವವನು ಮುಂದೇನಾಯಿತು ಎಂದು ಓಡುತ್ತಿರುತ್ತಾನೆ. ಮರಳಿ ಓದುವವನ ಕಣ್ಣು ಇದು ಎಲ್ಲಿ ತಪ್ಪಬಹುದಿತ್ತು ಎಂದು ಹುಡುಕುತ್ತಿರುತ್ತದೆ. ‘ಅನ್ನಾ ಕರೆನಿನಾ’ ಅಂಥ ಎಡೆಗಳನ್ನು ಎಲ್ಲೆಲ್ಲೂ ಇಟ್ಟಿರುವ ಕೃತಿ. ಎಂಟು ಭಾಗ, 239 ಸಣ್ಣ ಸಣ್ಣ ಅಧ್ಯಾಯಗಳ ಉದ್ದಕ್ಕೂ ಒಂದಲ್ಲ ಒಂದು ಬಾಗಿಲು ಅರೆತೆರೆದು ನಿಂತಿರುತ್ತದೆ.

ಈ ಕಥೆಯ ಕೊನೆ ಟಾಲ್‌ಸ್ಟಾಯ್‌ಗೂ ಮೊದಲೇ ಗೊತ್ತಿತ್ತು. 1872ರ ಜನವರಿಯಲ್ಲಿ, ಅವನ ಊರಾದ ಯಾಸ್ನಾಯಾ ಪೋಲ್ಯಾನಾಕ್ಕೆ ಹತ್ತಿರದ ಯಾಸೆಂಕಿ ನಿಲ್ದಾಣದಲ್ಲಿ ಅನ್ನಾ ಪಿರೊಗೋವಾ ಎಂಬ ಹೆಣ್ಣುಮಗಳು ಗೂಡ್ಸ್ ರೈಲಿನ ಕೆಳಗೆ ಬಿದ್ದು ಸತ್ತಳು. ನೆರೆಯ ಜಮೀನ್ದಾರ ಬಿಬಿಕೋವ್‌ನ ಜೊತೆ ಬಾಳುತ್ತಿದ್ದವಳು. ಅವನು ಬೇರೆ ಹೆಣ್ಣಿನ ಕಡೆ ತಿರುಗಿದ್ದ. ಟಾಲ್‌ಸ್ಟಾಯ್ ಹೋಗಿ ಆ ದೇಹವನ್ನು ಕಣ್ಣಾರೆ ನೋಡಿ ಬಂದ. ಮುಂದಿನ ವರ್ಷದ ಮಾರ್ಚ್‌ನಲ್ಲಿ, ಪುಷ್ಕಿನ್‌ನ ಅರ್ಧಕ್ಕೆ ನಿಂತ ಒಂದು ಗದ್ಯದ ತುಣುಕನ್ನು ಓದಿದ ಹುಮ್ಮಸ್ಸಿನಲ್ಲಿ ಬರೆಯಲು ಕೂತ. ಬೇಗ ಮುಗಿಯುತ್ತದೆ ಎಂದುಕೊಂಡಿದ್ದ. ಮುಗಿಯಲು ನಾಲ್ಕು ವರ್ಷ ಹಿಡಿಯಿತು. ಆ ನಾಲ್ಕು ವರ್ಷಗಳಲ್ಲಿ ಅವನ ಮನೆಯಲ್ಲಿ ಏನು ನಡೆಯಿತು ಎಂಬುದನ್ನು ಕಾದಂಬರಿಯ ಪಕ್ಕದಲ್ಲೇ ಇಟ್ಟು ನೋಡಬೇಕು. 1873ರ ನವೆಂಬರಿನಲ್ಲಿ ಕೂಸು ಪ್ಯೋತರ್ ತೀರಿಕೊಂಡ. 1875ರ ಫೆಬ್ರವರಿಯಲ್ಲಿ ಹಾಲುಗೂಸು ನಿಕೊಲಾಯ್. ಅದೇ ವರ್ಷದ ಕೊನೆಯ ಹೊತ್ತಿಗೆ ಹುಟ್ಟಿದ ಹೆಣ್ಣುಮಗು ಹುಟ್ಟುತ್ತಲೇ ಹೋಯಿತು. ಅವನನ್ನು ಸಾಕಿ ಬೆಳೆಸಿದ ಅತ್ತೆ ತತ್ಯಾನಾ ಕೂಡ ಈ ನಡುವೆ, 1874ರಲ್ಲಿ, ಕಣ್ಣುಮುಚ್ಚಿದರು. ‘ರಷ್ಯನ್ ಮೆಸೆಂಜರ್’ ಮಾಸಿಕದಲ್ಲಿ ಕಾದಂಬರಿ ಕಂತುಕಂತಾಗಿ ಬರಲು ಶುರುವಾದದ್ದು 1875ರ ಜನವರಿಯಲ್ಲಿ. ಅಂದರೆ ಮಾಸ್ಕೋ, ಪೀಟರ್ಸ್‌ಬರ್ಗ್‌ಗಳ ಓದುಗರು ಡಾಲಿಯ ತಂಗಿ ಕಿಟಿ ಮತ್ತು ಅನ್ನಾ ಬಾಲ್ ನೃತ್ಯಕ್ಕೆ ಏನು ಉಟ್ಟಿದ್ದರು ಎಂದು ಚರ್ಚಿಸುತ್ತಿದ್ದ ದಿನಗಳಲ್ಲೇ ಅದನ್ನು ಬರೆದವನ ಮನೆಯಲ್ಲಿ ಶವಪೆಟ್ಟಿಗೆ ತಯಾರಾಗುತ್ತಿತ್ತು. ಡಾಲಿಯ ಪುಟಗಳನ್ನು ಈ ಅರಿವಿನಿಂದ ಓದಿದರೆ ಅವುಗಳ ತೂಕವೇ ಬೇರೆ.

ನಾನು ಇದನ್ನು ಮೊದಲು ಓದಿದ್ದು ಪದವಿ ತರಗತಿಯಲ್ಲಿ, ಕಾಲೇಜು ಗ್ರಂಥಾಲಯದಲ್ಲಿದ್ದ ಕಾನ್‌ಸ್ಟನ್ಸ್ ಗಾರ್ನೆಟ್‌ಳ ಇಂಗ್ಲಿಷಿನಲ್ಲಿ. ದೇ. ಜವರೇಗೌಡರ ಕನ್ನಡ ಅನುವಾದ ಕೈಗೆ ಬಂದದ್ದು ಆಮೇಲೆ. ಆ ವಯಸ್ಸಿನ ಓದು ಬಾಲ್ ನೃತ್ಯದಲ್ಲಿ ಅನ್ನಾ ಉಟ್ಟ ಕಪ್ಪು ಮಖಮಲ್ಲಿನ ಉಡುಪು, ಹಿಮ ಬೀಳುವ ನಡುರಾತ್ರಿಯ ನಿಲ್ದಾಣ, ಕುದುರೆ ಪಂದ್ಯ ಇವುಗಳ ಮೇಲೆ ನಿಂತಿತ್ತು. ಆ ಪಂದ್ಯದ ಅಧ್ಯಾಯ ಇಂದಿಗೂ ನನ್ನ ಎದೆಬಡಿತ ಹೆಚ್ಚಿಸುತ್ತದೆ. ವ್ರಾನ್‌ಸ್ಕಿಯ ಕುದುರೆ ಫ್ರೂ-ಫ್ರೂ ಎಲ್ಲರಿಗಿಂತ ಮುಂದಿದೆ, ಕೊನೆಯ ಕಂದಕವನ್ನು ಹಕ್ಕಿಯ ಹಾಗೆ ದಾಟಿದೆ. ಅದು ನೆಗೆದ ಲಯಕ್ಕೆ ತನ್ನ ಮೈಯನ್ನು ಹೊಂದಿಸದೆ ಅವನು ಜೀನಿನ ಮೇಲೆ ಕುಕ್ಕರಿಸಿಬಿಡುತ್ತಾನೆ. ಕುದುರೆಯ ಬೆನ್ನು ಮುರಿಯುತ್ತದೆ. ಬಿದ್ದ ಕುದುರೆ ಕತ್ತು ಹೊರಳಿಸಿ ಅವನನ್ನೇ ನೋಡುತ್ತದೆ. ಏನಾಯಿತೆಂದು ತಿಳಿಯದ ಅವನು ಅದರ ಹೊಟ್ಟೆಗೆ ಒದೆಯುತ್ತಾನೆ. ಮುಂದೆ ಅನ್ನಾಳಿಗೆ ಆಗಲಿರುವುದೆಲ್ಲ ಇದರಲ್ಲಿದೆ ಎಂದು ವಿಮರ್ಶಕರು ಹೇಳಿದ್ದಾರೆ, ಸರಿಯಾಗಿಯೇ ಹೇಳಿದ್ದಾರೆ. ಆದರೆ ಅದಕ್ಕಿಂತ ಮುಖ್ಯವಾದದ್ದು ಆ ತಪ್ಪಿನ ಅಳತೆ. ಅದರಲ್ಲಿ ದುರುದ್ದೇಶ ಇಲ್ಲ, ಕ್ರೌರ್ಯ ಇಲ್ಲ. ಒಂದು ಕ್ಷಣದ ಮೈಮರೆವು ಮಾತ್ರ ಇದೆ. ಈ ಕಾದಂಬರಿಯಲ್ಲಿ ಬದುಕುಗಳು ಹಾಳಾಗುವುದೆಲ್ಲ ಅಷ್ಟೇ ಸಣ್ಣ ಅಳತೆಯಲ್ಲಿ.

ಕಾದಂಬರಿಯ ಇನ್ನೊಂದು ಕಥೆಯ ನಾಯಕ, ಜಮೀನ್ದಾರ ಲೆವಿನ್‌ನ ಭಾಗ ನನ್ನನ್ನು ಹಿಡಿದದ್ದು ಕೆಲಸಕ್ಕೆ ಸೇರಿ, ಊರಿನ ಜಮೀನಿನ ಹೊಣೆಯೂ ಹೆಗಲಿಗೆ ಬಿದ್ದ ಮೇಲೆ. ಅವನು ಆಳುಗಳ ಜೊತೆ ನಿಂತು ಹುಲ್ಲು ಕೊಯ್ಯುವ ಎರಡು ಅಧ್ಯಾಯಗಳು ವಿಶ್ವಸಾಹಿತ್ಯದಲ್ಲೇ ಶ್ರಮವನ್ನು ಕುರಿತ ಅತ್ಯುತ್ತಮ ಬರವಣಿಗೆ ಎಂದು ನಾನು ನಂಬಿದ್ದೇನೆ. ಮೊದಲ ಸಾಲಿನಲ್ಲಿ ಅವನ ಕುಡುಗೋಲು ತಡವರಿಸುತ್ತದೆ, ಬೆನ್ನು ನೋಯುತ್ತದೆ, ಹಿಂದಿನವರು ನಗುತ್ತಿದ್ದಾರೇನೋ ಎಂಬ ಅಳುಕು. ಕೆಲವು ಸಾಲು ಕಳೆದ ಮೇಲೆ ಕೈ ತಾನಾಗಿ ಆಡತೊಡಗುತ್ತದೆ, ಹೊತ್ತಿನ ಪರಿವೆ ಹೋಗುತ್ತದೆ. ಮಧ್ಯಾಹ್ನ ಒಬ್ಬ ಮುದುಕ ಬಟ್ಟಲಲ್ಲಿ ರೊಟ್ಟಿ ಮುರಿದು, ನೀರು ಬೆರೆಸಿ, ಉಪ್ಪು ಹಾಕಿ ಯಜಮಾನನಿಗೂ ಕೊಡುತ್ತಾನೆ. ಲೆವಿನ್ ಮನೆಯ ಊಟ ಬಿಟ್ಟು ಅದನ್ನೇ ತಿನ್ನುತ್ತಾನೆ. ಜೀತದಾಳುಗಳ ಬಿಡುಗಡೆಯಾದದ್ದು 1861ರಲ್ಲಿ. ಒಡೆಯ ಮತ್ತು ಆಳಿನ ನಡುವೆ ಇನ್ನು ಮುಂದೆ ಯಾವ ಸಂಬಂಧ ಎಂಬುದು ಅಂದಿನ ರಷ್ಯಾದ ದೊಡ್ಡ ಪ್ರಶ್ನೆ. ಲೆವಿನ್ ಅದರ ಬಗ್ಗೆ ಪುಸ್ತಕ ಬರೆಯಲು ಹೊರಟು ಒದ್ದಾಡುತ್ತಾನೆ. ಆ ಬಟ್ಟಲಿನ ಮುಂದೆ ಒಂದು ಗಂಟೆಯ ಮಟ್ಟಿಗೆ ಆ ಪ್ರಶ್ನೆ ಅವನನ್ನು ಕಾಡುವುದಿಲ್ಲ. ಟಾಲ್‌ಸ್ಟಾಯ್ ಅದಕ್ಕಿಂತ ಹೆಚ್ಚೇನೂ ಹೇಳಿಕೊಳ್ಳುವುದಿಲ್ಲ. ಆ ಸಂಯಮವೇ ಆ ಪುಟಗಳ ಸತ್ಯ.

ನನ್ನ ತಂದೆಯವರ ಕೊನೆಯ ದಿನಗಳಲ್ಲಿ ನಾನು ಐದನೇ ಭಾಗವನ್ನು ಓದುತ್ತಿದ್ದೆ. 239 ಅಧ್ಯಾಯಗಳ ಪೈಕಿ ಒಂದಕ್ಕೆ ಮಾತ್ರ ಟಾಲ್‌ಸ್ಟಾಯ್ ಶೀರ್ಷಿಕೆ ಕೊಟ್ಟಿದ್ದಾನೆ. ಅದು ‘ಸಾವು’. ಕ್ಷಯದಿಂದ ಸಾಯುತ್ತಿರುವ, ಲೆವಿನ್‌ನ ಅಣ್ಣ ನಿಕೊಲಾಯ್ ಒಂದು ಕೊಳಕು ಹೋಟೆಲಿನ ಕೋಣೆಯಲ್ಲಿ ಮಲಗಿದ್ದಾನೆ. ಸಾವಿನ ಕುರಿತು ಅಷ್ಟೆಲ್ಲ ಓದಿ ಯೋಚಿಸಿದ ಲೆವಿನ್‌ಗೆ ಆ ಕೋಣೆಯಲ್ಲಿ ಎಲ್ಲಿ ನೋಡಬೇಕು, ಏನು ಮಾತಾಡಬೇಕು, ಹೆಜ್ಜೆ ಹೇಗಿಡಬೇಕು ಎಂಬುದೇ ತಿಳಿಯುವುದಿಲ್ಲ. ಅವನನ್ನು ಹೊಸದಾಗಿ ಮದುವೆಯಾಗಿ ಬಂದ, ಇನ್ನೂ ಹುಡುಗಿಯಂತಿರುವ ಕಿಟಿ ಒಳಗೆ ಕಾಲಿಟ್ಟವಳೇ ವೈದ್ಯರಿಗೆ ಹೇಳಿಕಳಿಸುತ್ತಾಳೆ, ನೆಲ ಗುಡಿಸಿಸುತ್ತಾಳೆ, ಹಾಸಿಗೆ ಬದಲಿಸುತ್ತಾಳೆ, ದಿಂಬು ಸರಿಮಾಡುತ್ತಾಳೆ, ಮಗ್ಗುಲು ಬದಲಿಸಲು ನೆರವಾಗುತ್ತಾಳೆ. ಅವಳಿಗೆ ಸಾವು ಎಂದರೇನು ಎಂಬ ಪ್ರಶ್ನೆಯೇ ಏಳುವುದಿಲ್ಲ. ಸಾಯುತ್ತಿರುವವನಿಗೆ ಈಗ ಏನು ಬೇಕು ಎಂಬುದಷ್ಟೇ ಗೊತ್ತು. ನಮ್ಮ ಮನೆಯಲ್ಲಿ ನನ್ನ ಅಕ್ಕ ಇದನ್ನೆಲ್ಲ ಮಾಡುತ್ತಿದ್ದಳು. ನಾನು ಬಾಗಿಲ ಬಳಿ ಪುಸ್ತಕ ಹಿಡಿದು ನಿಂತಿರುತ್ತಿದ್ದೆ. ಕೊನೆಗೆ ಪಾದ್ರಿ ರೋಗಿಯ ಕೈ ಮುಟ್ಟಿನೋಡಿ, ಹೋಯಿತು ಎಂದು ಹಿಂದೆ ಸರಿಯುವಾಗ, ಅಂಟಿಕೊಂಡಂತಿದ್ದ ನಿಕೊಲಾಯ್‌ನ ಮೀಸೆ ಅಲುಗಿ, ಇನ್ನೂ ಇಲ್ಲ, ಸ್ವಲ್ಪ ಹೊತ್ತಿನಲ್ಲಿ ಎಂಬ ಅರ್ಥದ ಮಾತು ಸ್ಪಷ್ಟವಾಗಿ ಹೊರಡುತ್ತದೆ. ಸಾವಿನ ಕೋಣೆಯಲ್ಲಿ ಕೂತು ಬಂದವನಷ್ಟೇ ಬರೆಯಬಲ್ಲ ಮಾತು ಅದು. ಟಾಲ್‌ಸ್ಟಾಯ್ ಇಬ್ಬರು ಅಣ್ಣಂದಿರನ್ನು ಕ್ಷಯಕ್ಕೆ ಕಳೆದುಕೊಂಡಿದ್ದ, 1856ರಲ್ಲಿ ದ್ಮಿತ್ರಿಯನ್ನು, 1860ರಲ್ಲಿ ನಿಕೊಲಾಯ್‌ನನ್ನು.

ಅನ್ನಾಳ ಗಂಡ ಕರೆನಿನ್‌ನ ವಿಷಯಕ್ಕೆ ಬರುತ್ತೇನೆ. ಎದ್ದುಕಾಣುವ ಕಿವಿಗಳ, ಬೆರಳಿನ ಗಣ್ಣು ಮುರಿಯುವ, ಕಡತಗಳೇ ಬದುಕಾದ ಈ ಅಧಿಕಾರಿಯನ್ನು ಓದುಗರು ಅನ್ನಾಳ ಕಣ್ಣಿನಿಂದಲೇ ನೋಡಿ ಬೇಡವೆಂದುಬಿಡುತ್ತಾರೆ. ನಾಲ್ಕನೇ ಭಾಗದಲ್ಲಿ, ಹೆರಿಗೆಯ ಜ್ವರದಲ್ಲಿ ಅನ್ನಾ ಸಾವಿನ ಅಂಚಿಗೆ ಬಂದಾಗ, ಈ ಮನುಷ್ಯ ಅವಳನ್ನು ಕ್ಷಮಿಸುತ್ತಾನೆ, ವ್ರಾನ್‌ಸ್ಕಿಯನ್ನೂ ಕ್ಷಮಿಸುತ್ತಾನೆ. ಯಾರೂ ಗಮನ ಕೊಡದೆ ಸೊರಗುತ್ತಿದ್ದ, ತನ್ನದಲ್ಲದ ಆ ಹೆಣ್ಣುಕೂಸಿನ ತೊಟ್ಟಿಲ ಬಳಿ ದಿನಕ್ಕೆ ಹಲವು ಸಲ ಹೋಗಿ ಕೂರುತ್ತಾನೆ. ಅವನಿಲ್ಲದಿದ್ದರೆ ಆ ಕೂಸು ಸತ್ತೇಹೋಗುತ್ತಿತ್ತು ಎಂದು ಟಾಲ್‌ಸ್ಟಾಯ್ ಸ್ಪಷ್ಟವಾಗಿ ಸೂಚಿಸುತ್ತಾನೆ. ದಾಸ್ತಯೆವ್‌ಸ್ಕಿ 1877ರಲ್ಲಿ ತನ್ನ ‘ಲೇಖಕನ ದಿನಚರಿ’ಯಲ್ಲಿ ಈ ದೃಶ್ಯವನ್ನು ಬಹಳವಾಗಿ ಮೆಚ್ಚಿ ಬರೆದ. ಈ ಕ್ಷಮೆಗೆ ಬಿತ್ತನೆಯಾದದ್ದು ಎಲ್ಲಿ ಎಂಬುದು ಮಾತ್ರ ನನಗೆ ತುಂಬ ತಡವಾಗಿ ಹೊಳೆಯಿತು. ಕೆಲವೇ ಅಧ್ಯಾಯಗಳ ಹಿಂದೆ ಸ್ಟೀವಾನ ಮನೆಯ ಔತಣದ ದಿನ, ಡಾಲಿ ಕರೆನಿನ್‌ನನ್ನು ಮಕ್ಕಳ ಪಾಠದ ಕೋಣೆಗೆ ಕರೆದುಕೊಂಡು ಹೋಗುತ್ತಾಳೆ. ಚಾಕುವಿನಿಂದ ಸೀಳಿದ ಮೇಣಬಟ್ಟೆ ಹೊದಿಸಿದ ಮೇಜಿನ ಮುಂದೆ ಕೂತು, ಅನ್ನಾಳನ್ನು ಕೈಬಿಡಬೇಡಿ, ವಿಚ್ಛೇದನ ಬೇಡ, ಅವಳು ಯಾರ ಹೆಂಡತಿಯೂ ಅಲ್ಲದೆ ನಾಶವಾಗುತ್ತಾಳೆ ಎಂದು ಅಂಗಲಾಚುತ್ತಾಳೆ. ತಾನೇ ಹೇಗೆ ಕ್ಷಮಿಸಿದೆ ಎಂದು ಹೇಳುತ್ತಾಳೆ. ನಿನ್ನನ್ನು ದ್ವೇಷಿಸುವವರನ್ನು ಪ್ರೀತಿಸು ಎಂಬ ಬೈಬಲ್ಲಿನ ಮಾತನ್ನೂ ನಾಚುತ್ತ ನೆನಪಿಸುತ್ತಾಳೆ. ಕರೆನಿನ್ ಒಪ್ಪುವುದಿಲ್ಲ. ಆದರೆ ಆ ಮಾತು ಅವನೊಳಗೆ ಇಳಿದಿರುತ್ತದೆ. ಮೊದಲ ಬಾಗಿಲನ್ನು ತೆರೆದವಳು ಡಾಲಿ.

ಅಂದಿನ ಕಾನೂನನ್ನು ತಿಳಿಯದೆ ಅನ್ನಾಳ ಇಕ್ಕಟ್ಟು ತಿಳಿಯುವುದಿಲ್ಲ. ರಷ್ಯಾದಲ್ಲಿ ವಿಚ್ಛೇದನ ಚರ್ಚಿನ ನ್ಯಾಯಾಲಯದ ಕೈಯಲ್ಲಿತ್ತು. ವ್ಯಭಿಚಾರ ಸಾಬೀತಾಗಬೇಕಾದರೆ ಕಣ್ಣಾರೆ ಕಂಡ ಸಾಕ್ಷಿ ಬೇಕು. ತಪ್ಪಿತಸ್ಥರೆಂದು ತೀರ್ಮಾನವಾದವರು ಮತ್ತೆ ಮದುವೆಯಾಗುವಂತಿಲ್ಲ. ಹಾಗಾಗಿ ಹೆಂಡತಿಗೆ ನಿಜವಾದ ಬಿಡುಗಡೆ ಸಿಗಬೇಕಾದರೆ ಗಂಡ ಮಾಡದ ತಪ್ಪನ್ನು ತನ್ನ ಮೇಲೆ ಎಳೆದುಕೊಳ್ಳಬೇಕು. ಕ್ಷಮೆಯ ಆ ದಿನಗಳಲ್ಲಿ ಕರೆನಿನ್ ಅದಕ್ಕೂ ಸಿದ್ಧನಾಗುತ್ತಾನೆ. ಅನ್ನಾ ಬೇಡವೆನ್ನುತ್ತಾಳೆ, ವಿಚ್ಛೇದನವಿಲ್ಲದೆಯೇ ವ್ರಾನ್‌ಸ್ಕಿಯ ಜೊತೆ ವಿದೇಶಕ್ಕೆ ಹೊರಡುತ್ತಾಳೆ. ಯಾಕೆ? ಅವನ ಔದಾರ್ಯದ ಭಾರವನ್ನು ಹೊರಲಾರದೆಯೋ, ಮಗನನ್ನು ಕಾಗದದ ಮೇಲೆ ಕಳೆದುಕೊಳ್ಳುವ ಭಯಕ್ಕೋ? ಟಾಲ್‌ಸ್ಟಾಯ್ ಒಂದೇ ಒಂದು ಪುಟ್ಟ ವಾಕ್ಯದಲ್ಲಿ ಅದನ್ನು ಮುಗಿಸಿ ಭಾಗವನ್ನೇ ಕೊನೆಗೊಳಿಸುತ್ತಾನೆ. ಅವಳ ಬದುಕಿನ ಅತಿದೊಡ್ಡ ತೀರ್ಮಾನಕ್ಕೆ ಅಷ್ಟೇ ಜಾಗ. ಮುಂದೆ ಅವಳಿಗೇ ಬೇಕೆನಿಸಿದಾಗ ಕರೆನಿನ್ ಬೇರೆ ಮನುಷ್ಯನಾಗಿರುತ್ತಾನೆ, ಬೇರೆಯವರ ಭಕ್ತಿಯ ಹಿಡಿತದಲ್ಲಿರುತ್ತಾನೆ.

ಈಗ ಆರನೇ ಭಾಗ. ಊರವರೆಲ್ಲ ಬಾಗಿಲು ಮುಚ್ಚಿದ ಮೇಲೆ, ವ್ರಾನ್‌ಸ್ಕಿಯ ಹಳ್ಳಿಯ ಎಸ್ಟೇಟಿನಲ್ಲಿರುವ ಅನ್ನಾಳನ್ನು ನೋಡಲು ಡಾಲಿ ಹೊರಡುತ್ತಾಳೆ. ಆ ಬೇಸಿಗೆ ಅವಳು ಮಕ್ಕಳೊಂದಿಗೆ ತಂಗಿ ಕಿಟಿಯ ಮನೆಯಲ್ಲಿದ್ದಾಳೆ. ಬಾಡಿಗೆ ಕುದುರೆ ಹಿಡಿಯುತ್ತೇನೆ ಎಂದರೆ ಲೆವಿನ್ ಬಿಡದೆ ತನ್ನ ಗಾಡಿಯನ್ನೇ ಕಟ್ಟಿಸುತ್ತಾನೆ. ಮನೆಯಲ್ಲಿ ಒಂದು ಗಳಿಗೆ ತನಗೆಂದು ಸಿಗದ ಹೆಂಗಸು ಗಾಡಿಯಲ್ಲಿ ಒಬ್ಬಳೇ ಕೂತಾಗ ಅವಳ ಇಡೀ ಬಾಳು ಕಣ್ಣಮುಂದೆ ಸಾಲುಗಟ್ಟುತ್ತದೆ. ದಾರಿಯ ಮನೆಯೊಂದರಲ್ಲಿ ಒಬ್ಬ ಲಕ್ಷಣವಾದ ರೈತ ಹೆಂಗಸನ್ನು, ಮಕ್ಕಳಿದ್ದಾರೇನಮ್ಮ ಎಂದು ಕೇಳಿರುತ್ತಾಳೆ. ಒಂದು ಹೆಣ್ಣಿತ್ತು, ದೇವರು ಬಿಡುಗಡೆ ಮಾಡಿದ ಎಂದು ಅವಳು ನಗುಮೊಗದಲ್ಲೇ ಹೇಳಿರುತ್ತಾಳೆ. ಕೇಳಿದಾಗ ಡಾಲಿಗೆ ಹೇಸಿಗೆಯಾಗಿತ್ತು. ಗಾಡಿ ಉರುಳುತ್ತಿದ್ದ ಹಾಗೆ, ಆ ಮಾತಿನಲ್ಲೂ ಒಂದಿಷ್ಟು ನಿಜವಿದೆ ಎನಿಸುತ್ತದೆ. ಹದಿನೈದು ವರ್ಷದ ಸಂಸಾರ ಅಂದರೆ ಬಸಿರು, ವಾಕರಿಕೆ, ಮಂಕು ಹಿಡಿದ ತಲೆ, ಕೆಟ್ಟುಹೋದ ಅಂದ, ಹೆರಿಗೆಯ ನೋವು, ಹಾಲೂಡಿಸುವಾಗ ಬಿರಿದ ಮೊಲೆತೊಟ್ಟಿನ ಉರಿ, ರಾತ್ರಿಯೆಲ್ಲ ನಿದ್ದೆಗೆಟ್ಟು ಕಾದ ಜ್ವರ. ಇಷ್ಟೆಲ್ಲ ಆದ ಮೇಲೂ ಗಂಟಲ ಕಾಯಿಲೆಯಲ್ಲಿ ತೀರಿಕೊಂಡ ಕಡೆಯ ಕೂಸು, ಅದರ ಪುಟ್ಟ ಗುಲಾಬಿ ಬಣ್ಣದ ಶವಪೆಟ್ಟಿಗೆ, ಅದನ್ನು ಮುಚ್ಚಿದಾಗ ತನಗೊಬ್ಬಳಿಗೇ ಉಳಿದ ಸಂಕಟ. 1870ರ ದಶಕದಲ್ಲಿ ಯಾವ ಗಂಡಸು ಲೇಖಕ ಇದನ್ನು ಇಷ್ಟು ಬಿಚ್ಚಿ ಬರೆದಿದ್ದ? ಯುರೋಪಿನ ವ್ಯಭಿಚಾರದ ಕಾದಂಬರಿಗಳಲ್ಲಿ ಹೆಣ್ಣಿನ ಮೈ ಅಂದರೆ ಮೋಹದ ಮೈ. ಹೆತ್ತು, ಹಾಲೂಡಿಸಿ, ಬಳಲಿದ ಮೈಗೆ ಮಾತು ಕೊಟ್ಟವನು ಟಾಲ್‌ಸ್ಟಾಯ್. ಆ ಗುಲಾಬಿ ಬಣ್ಣದ ಮುಚ್ಚಳವನ್ನು ಬರೆಯುವ ಹೊತ್ತಿಗೆ ಅವನೇ ಮೂರು ಕೂಸುಗಳನ್ನು ಮಣ್ಣಿಗಿಟ್ಟು ಬಂದಿದ್ದ.

ಅನ್ನಾ ಮಾಡಿದ್ದರಲ್ಲಿ ತಪ್ಪೇನು, ಅವಳಿಗೂ ಬಾಳಬೇಕೆಂಬ ಆಸೆ ಇರಬಾರದೇ ಎಂದು ಡಾಲಿ ಗಾಡಿಯಲ್ಲೇ ವಾದಿಸಿಕೊಳ್ಳುತ್ತಾಳೆ. ನನಗೂ ಯಾರಾದರೂ ಮನಸೋತಿದ್ದರೆ ಎಂದು ಕಲ್ಪಿಸಿಕೊಳ್ಳುತ್ತಾಳೆ. ಸ್ಟೀವಾನಿಗೆ ಎಲ್ಲ ಹೇಳಿದಾಗ ಅವನ ಮುಖ ಹೇಗಾದೀತು ಎಂದು ನೆನೆದು ಮುಗುಳ್ನಗುತ್ತಾಳೆ. ಕೈಚೀಲದ ಕನ್ನಡಿ ತೆಗೆದು ಮುಖ ನೋಡಿಕೊಳ್ಳುವ ಆಸೆಯಾದರೂ, ಮುಂದೆ ಕೂತ ಗಾಡಿಯವನು ತಿರುಗಿ ನೋಡಿದರೆ ಎಂದು ನಾಚಿ ಬಿಡುತ್ತಾಳೆ. ಮದುವೆಯಾಗಿ ಮಕ್ಕಳನ್ನು ಬೆಳೆಸಿದ ಹೆಣ್ಣುಮಕ್ಕಳು ಸಂಜೆ ತರಗತಿಗಳಲ್ಲಿ ನನ್ನ ವಿದ್ಯಾರ್ಥಿನಿಯರಾಗಿದ್ದರು. ಈ ಪುಟಗಳನ್ನು ಓದುವಾಗ ಅವರು ನನಗಿಂತ ಮುಂದೆ ಇರುತ್ತಿದ್ದರು. ನಾನು ವಿವರಿಸಬೇಕಾದದ್ದು ಏನೂ ಇರುತ್ತಿರಲಿಲ್ಲ.

ವ್ರಾನ್‌ಸ್ಕಿಯ ಬಂಗಲೆಯಲ್ಲಿ ಎಲ್ಲವೂ ಹೊಸದು, ಹೊರದೇಶದ್ದು, ದುಬಾರಿಯದು. ತೇಪೆ ಹಾಕಿದ ತನ್ನ ರಾತ್ರಿಯುಡುಪನ್ನು ಅಲ್ಲಿಯ ಠೀಕಾದ ಕೆಲಸದವಳು ಹೊರತೆಗೆಯುವಾಗ ಡಾಲಿ ಕುಗ್ಗುತ್ತಾಳೆ. ತನ್ನ ಮನೆಯಲ್ಲಿ ಅದೇ ತೇಪೆಯ ಬಗ್ಗೆ ಅವಳಿಗೆ ಹೆಮ್ಮೆ ಇತ್ತು. ಮಗುವಿನ ಕೋಣೆಗೆ ಹೋದಾಗ ಅವಳಿಗೆ ಒಂದು ಸಂಗತಿ ಕಾಣುತ್ತದೆ. ಅನ್ನಾ ಆ ಕೋಣೆಗೆ ಹೊಸಬಳು. ಆಟಿಕೆ ಎಲ್ಲಿದೆಯೆಂದು ಅವಳಿಗೆ ಗೊತ್ತಿಲ್ಲ. ಮಗಳಿಗೆ ಎಷ್ಟು ಹಲ್ಲು ಬಂದಿವೆ ಎಂದು ಕೇಳಿದರೆ ತಪ್ಪು ಲೆಕ್ಕ ಹೇಳುತ್ತಾಳೆ, ಹೊಸದಾಗಿ ಮೂಡಿದ ಎರಡು ಹಲ್ಲು ಅವಳಿಗೆ ತಿಳಿದೇ ಇಲ್ಲ. ಓದುಗರು ಇದನ್ನು ಸುಲಭವಾಗಿ ದಾಟಿಹೋಗುತ್ತಾರೆ. ಡಾಲಿ ದಾಟುವುದಿಲ್ಲ, ಏಕೆಂದರೆ ಹಲ್ಲು ಎಣಿಸುವುದೇ ಅವಳ ಬದುಕಾಗಿತ್ತು. ಇದೇ ಅನ್ನಾ ಐದನೇ ಭಾಗದಲ್ಲಿ ಮಗ ಸೆರ್ಯೋಜಾನ ಹುಟ್ಟುಹಬ್ಬದ ಬೆಳಗ್ಗೆ ಕದ್ದು ಗಂಡನ ಮನೆಗೆ ಹೋಗಿ, ನಿದ್ದೆಗಣ್ಣಿನ ಹುಡುಗನನ್ನು ತಬ್ಬಿಕೊಂಡು ಅತ್ತು ಬಂದವಳು. ಹಿಂದಿನ ದಿನ ಅಕ್ಕರೆಯಿಂದ ಆರಿಸಿ ಕೊಂಡ ಆಟಿಕೆಗಳನ್ನು ಬಿಚ್ಚಿ ಕೊಡಲೂ ವೇಳೆ ಸಿಗದೆ ಹಾಗೇ ವಾಪಸು ತಂದವಳು. ಪ್ರೀತಿಸಲಾರದವಳಲ್ಲ ಅವಳು. ಒಂದು ಮಗುವನ್ನು ಕಳೆದುಕೊಂಡು ಇನ್ನೊಂದನ್ನು ಪ್ರೀತಿಸಲು ಅವಳಲ್ಲಿ ಶಕ್ತಿ ಉಳಿದಿಲ್ಲ.

ಆ ರಾತ್ರಿ ಅನ್ನಾ, ತನಗೆ ಇನ್ನು ಮಕ್ಕಳಾಗುವುದಿಲ್ಲ, ಆಗಲು ತಾನು ಬಿಡುವುದೂ ಇಲ್ಲ ಎನ್ನುತ್ತಾಳೆ. ಟಾಲ್‌ಸ್ಟಾಯ್ ಅಲ್ಲಿ ಚುಕ್ಕಿಗಳ ಸಾಲೊಂದನ್ನು ಇಟ್ಟು ಮುಂದೆ ಹೋಗುತ್ತಾನೆ. ದಾರಿಯುದ್ದಕ್ಕೂ ಡಾಲಿ ಬಯಸಿದ್ದು ಇಂಥದೇ ಬಿಡುಗಡೆಯನ್ನು. ಎದುರಿಗೆ ಬಂದಾಗ ಹೆದರುತ್ತಾಳೆ. ಅನ್ನಾ ಎದ್ದುಹೋದ ಮೇಲೆ ಡಾಲಿಗೆ ತನ್ನ ಮನೆ, ಮಕ್ಕಳು ಹೊಸ ಬೆಳಕಿನಲ್ಲಿ ಕಾಣುತ್ತಾರೆ. ಮರುದಿನವೇ ಹೊರಡುತ್ತಾಳೆ. ಇಲ್ಲಿ ಟಾಲ್‌ಸ್ಟಾಯ್ ಗೃಹಿಣಿಯ ಪಕ್ಷ ವಹಿಸಿದ ಎಂದು ಕೆಲವರು ಓದುತ್ತಾರೆ. ನಾನು ಹಾಗೆ ಓದಲಾರೆ. ಡಾಲಿ ಗಾಡಿಯಲ್ಲಿ ಯೋಚಿಸಿದ್ದು ಯಾವುದೂ ಸುಳ್ಳೆಂದು ಅವನು ತೋರಿಸುವುದಿಲ್ಲ. ಅವಳ ದಣಿವೂ ನಿಜ, ಅವಳ ವಾತ್ಸಲ್ಯವೂ ನಿಜ. ಅನ್ನಾಳ ಬಗ್ಗೆ ಅವಳ ನಿಲುವು ಇನ್ನೂ ಸರಳ. ನೀನು ನನ್ನ ಬಗ್ಗೆ ಏನೆಂದುಕೊಳ್ಳುತ್ತೀಯ ಎಂದು ಅನ್ನಾ ಕಾಡಿದಾಗ, ತಾನು ಏನೂ ಅಂದುಕೊಳ್ಳುವುದಿಲ್ಲ, ಯಾವಾಗಲೂ ಪ್ರೀತಿಸಿದ್ದೇನೆ, ಪ್ರೀತಿಸುವುದಾದರೆ ಮನುಷ್ಯರನ್ನು ಇದ್ದ ಹಾಗೆ ಪ್ರೀತಿಸಬೇಕು ಎಂದು ಡಾಲಿ ಉತ್ತರ ಕೊಡುತ್ತಾಳೆ. ಇಡೀ ಕಾದಂಬರಿಯಲ್ಲಿ ಅನ್ನಾಳಿಗೆ ಹೀಗೆ ಹೇಳಿದವರು ಇನ್ನೊಬ್ಬರಿಲ್ಲ.

ಈ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡು ಏಳನೇ ಭಾಗದ 28ನೇ ಅಧ್ಯಾಯಕ್ಕೆ ಬನ್ನಿ. ಅನ್ನಾಳ ಕೊನೆಯ ದಿನ. ವ್ರಾನ್‌ಸ್ಕಿಯ ಜೊತೆ ಜಗಳವಾಗಿದೆ, ಅವನಿಗೆ ಕಳಿಸಿದ ಚೀಟಿ ತಲುಪಿಲ್ಲ. ತಲೆಯಲ್ಲಿ ಯೋಚನೆಗಳು ಅಂಗಡಿಗಳ ಬೋರ್ಡುಗಳ ಜೊತೆ ಬೆರೆತು ಓಡುತ್ತಿವೆ. ಆಗ ಅವಳು ಗಾಡಿಯವನಿಗೆ ಡಾಲಿಯ ಮನೆಗೆ ಹೋಗಲು ಹೇಳುತ್ತಾಳೆ. ಡಾಲಿಗೆ ಎಲ್ಲವನ್ನೂ ಹೇಳಿಬಿಡುತ್ತೇನೆ, ನಾಚಿಕೆಯಾದರೂ ಸರಿ, ಅವಳು ನನ್ನನ್ನು ಪ್ರೀತಿಸುತ್ತಾಳೆ, ಅವಳು ಹೇಳಿದ ಹಾಗೆ ಕೇಳುತ್ತೇನೆ ಎಂದುಕೊಳ್ಳುತ್ತಾಳೆ. ಹೋಗುತ್ತಾಳೆ. ಅಲ್ಲಿ ಕಿಟಿ ಇದ್ದಾಳೆ. ಅಕ್ಕತಂಗಿಯರು ಎಳೆಗೂಸಿಗೆ ಹಾಲೂಡಿಸುವ ವಿಷಯ ಮಾತಾಡುತ್ತಿದ್ದಾರೆ. ಬಾಲ್ ನೃತ್ಯದ ರಾತ್ರಿ ವ್ರಾನ್‌ಸ್ಕಿಯನ್ನು ಅನ್ನಾಳಿಂದಾಗಿ ಕಳೆದುಕೊಂಡ ಕಿಟಿ ಮೊದಲು ಹೊರಗೆ ಬರಲೊಲ್ಲಳು, ಅಕ್ಕನ ಒತ್ತಾಯಕ್ಕೆ ಬರುತ್ತಾಳೆ. ಅನ್ನಾಳ ಮುಖ ನೋಡಿದ ಕೂಡಲೇ ಅವಳ ಹಗೆ ಕರಗಿಹೋಗುತ್ತದೆ. ಆದರೆ ಅನ್ನಾ ಅದನ್ನು ಕಾಣುವ ಸ್ಥಿತಿಯಲ್ಲಿಲ್ಲ. ವಿದಾಯ ಹೇಳಲು ಬಂದೆ ಎನ್ನುತ್ತಾಳೆ, ಒಂದೆರಡು ಚುಚ್ಚುಮಾತು ಆಡುತ್ತಾಳೆ, ಹೊರಡುತ್ತಾಳೆ. ಡಾಲಿ ಕಳಿಸಿ ಬಂದು ಕಿಟಿಗೆ, ಇವತ್ತು ಅವಳಲ್ಲಿ ಏನೋ ವಿಶೇಷವಿತ್ತು, ಹಜಾರದಲ್ಲಿ ಬೀಳ್ಕೊಡುವಾಗ ಇನ್ನೇನು ಅತ್ತೇಬಿಡುತ್ತಾಳೆ ಅನಿಸಿತು ಎನ್ನುತ್ತಾಳೆ. ಅಧ್ಯಾಯ ಮುಗಿಯಿತು.

ಈ ಪುಟವನ್ನು ನಾನು ವರ್ಷಗಟ್ಟಲೆ ಓದಿಯೂ ನಿಂತು ನೋಡಿರಲಿಲ್ಲ. ರೈಲ್ವೆ ನಿಲ್ದಾಣ ಎದುರಿಗಿರುವಾಗ ಯಾರು ತಾನೇ ಡಾಲಿಯ ಹಜಾರದಲ್ಲಿ ನಿಲ್ಲುತ್ತಾರೆ? ಈಗ ನನ್ನ ಕಣ್ಣು, ಅನ್ನಾ ರೈಲಿಗೆ ಬಿದ್ದು ಸಾಯುವ ಅಬಿರಾಲೊವ್ಕಾ ನಿಲ್ದಾಣಕ್ಕಿಂತ ಮೊದಲು ಅಲ್ಲಿ ನಿಲ್ಲುತ್ತದೆ. ಆ ಬೆಳಗ್ಗೆ ಕಿಟಿ ಅಕ್ಕನ ಮನೆಗೆ ಬರದೆ ಇದ್ದಿದ್ದರೆ? ಡಾಲಿ ತಂಗಿಯನ್ನು ಕೋಣೆಯಲ್ಲೇ ಬಿಟ್ಟು ಇನ್ನೊಂದು ಹತ್ತು ನಿಮಿಷ ಅನ್ನಾಳ ಜೊತೆ ಕೂತಿದ್ದರೆ? ಕಿಟಿಯದು ತಪ್ಪಲ್ಲ, ಡಾಲಿಯದೂ ಅಲ್ಲ. ಎಳೆಯ ಬಾಣಂತಿ ಅಕ್ಕನ ಹತ್ತಿರ ಕೂಸಿನ ವಿಷಯ ಕೇಳಲು ಬಂದಿದ್ದಾಳೆ, ಅದಕ್ಕಿಂತ ಸಹಜವಾದದ್ದು ಏನಿದೆ? ಕಾದಂಬರಿಯ ಎರಡು ಕಥೆಗಳನ್ನು ಜೋಡಿಸುವ ಕೊಂಡಿ ಎಲ್ಲಿದೆ ಎಂದು ಕೇಳಿದವರಿಗೆ ಟಾಲ್‌ಸ್ಟಾಯ್ ಒಂದು ಪತ್ರದಲ್ಲಿ, ತನ್ನ ಕಮಾನುಗಳು ಕೂಡುವ ಕಲ್ಲು ಕಣ್ಣಿಗೆ ಕಾಣದ ಹಾಗೆ ಕಟ್ಟಿದ್ದೇನೆ ಎಂಬ ಅರ್ಥದಲ್ಲಿ ಹೆಮ್ಮೆಯಿಂದ ಬರೆದ. ಆ ಕಲ್ಲು ಇರುವುದು ಡಾಲಿಯ ಮನೆಯಲ್ಲಿ ಎಂದು ನನಗೆ ಅನ್ನಿಸುತ್ತದೆ. ಲೆವಿನ್‌ನ ಸುಖದ ಸಂಸಾರ ಮತ್ತು ಅನ್ನಾಳ ಸಂಕಟ ಅಲ್ಲಿ ಒಂದೇ ಹೊತ್ತಿಗೆ ಬಂದು ಸೇರುತ್ತವೆ. ಒಂದಕ್ಕೆ ಜಾಗ ಸಿಕ್ಕಿತು, ಇನ್ನೊಂದಕ್ಕೆ ಸಿಗಲಿಲ್ಲ.

ಎಂಟನೇ ಭಾಗದ ಬಗ್ಗೆ ಒಂದಿಷ್ಟು ಹೇಳಿ ಮುಗಿಸುತ್ತೇನೆ. ‘ರಷ್ಯನ್ ಮೆಸೆಂಜರ್’ನ ಸಂಪಾದಕ ಕಟ್ಕೋವ್ ಈ ಭಾಗವನ್ನು ಅಚ್ಚು ಮಾಡಲು ಒಪ್ಪಲಿಲ್ಲ. ತುರ್ಕರ ವಿರುದ್ಧ ಸೆರ್ಬಿಯಾದಲ್ಲಿ ಹೋರಾಡಲು ರಷ್ಯಾದಿಂದ ಸ್ವಯಂಸೇವಕರು ಹೊರಟಿದ್ದ ಕಾಲ. ಆ ಉತ್ಸಾಹವನ್ನು ಟಾಲ್‌ಸ್ಟಾಯ್ ಲೆವಿನ್‌ನ ಬಾಯಲ್ಲಿ ಪ್ರಶ್ನಿಸಿದ್ದು ಸಂಪಾದಕನಿಗೆ ಸರಿಬರಲಿಲ್ಲ. ನಾಯಕಿಯ ಸಾವಿನೊಂದಿಗೆ ಕಾದಂಬರಿ ನಿಜವಾಗಿ ಮುಗಿಯಿತು ಎಂಬ ಟಿಪ್ಪಣಿ ಹಾಕಿ ಪತ್ರಿಕೆ ಕೈತೊಳೆದುಕೊಂಡಿತು. ಟಾಲ್‌ಸ್ಟಾಯ್ ಕೊನೆಯ ಭಾಗವನ್ನು 1877ರಲ್ಲಿ ಬೇರೆಯಾಗಿ ಅಚ್ಚು ಹಾಕಿಸಿದ. ಇಡೀ ಕಾದಂಬರಿ ಪುಸ್ತಕವಾಗಿ ಬಂದದ್ದು 1878ರಲ್ಲಿ. ಕಟ್ಕೋವ್‌ನ ಮಾತನ್ನು ಇಂದಿಗೂ ಅನೇಕ ಓದುಗರು, ಹಲವು ಚಲನಚಿತ್ರಗಳು ಒಪ್ಪಿಕೊಂಡ ಹಾಗೆ ಕಾಣುತ್ತದೆ. ರೈಲಿನ ಗಾಲಿಗಳ ಕೆಳಗೆ ಅವರಿಗೆ ಕಥೆ ಮುಗಿಯುತ್ತದೆ.

ಮುಗಿಯುವುದಿಲ್ಲ. ಈ ಭಾಗದಲ್ಲೇ ಸ್ಟೀವಾ ತನ್ನ ಸಾಲ ತೀರಿಸಲು ಡಾಲಿಯ ಪಾಲಿನ ಜಮೀನು ಮಾರು ಎಂದು ಕಾಗದ ಬರೆಯುತ್ತಾನೆ. ಡಾಲಿ ಸಿಟ್ಟಿಗೇಳುತ್ತಾಳೆ, ವಿಚ್ಛೇದನದ ಮಾತೂ ಮನಸ್ಸಿಗೆ ಬರುತ್ತದೆ, ಕಡೆಗೆ ಅರ್ಧ ಒಪ್ಪುತ್ತಾಳೆ. ಅವಳ ಮನಸ್ಸಿಗೆ ನೋವಾಗದ ಹಾಗೆ ಕಿಟಿಯ ಪಾಲನ್ನೇ ಅವಳಿಗೆ ಬಿಟ್ಟುಕೊಡೋಣ ಎಂದು ಲೆವಿನ್ ಸೂಚಿಸುತ್ತಾನೆ. ತನಗೆ ನಂಬಿಕೆಯಿಲ್ಲ, ಬಾಳಿಗೆ ಅರ್ಥವಿಲ್ಲ ಎಂದು ನರಳಿ, ನೇಣು ಹಾಕಿಕೊಂಡೇನು ಎಂದು ಹಗ್ಗ ಬಚ್ಚಿಡುತ್ತಿದ್ದ ಅದೇ ಲೆವಿನ್. ಇದೇ ಭಾಗದಲ್ಲಿ ಡಾಲಿ ಜೇನುಗೂಡುಗಳ ಹತ್ತಿರ ಮಕ್ಕಳಿಗೆ ಸೌತೆಕಾಯಿ, ಜೇನು ಹಂಚುತ್ತ, ವ್ರಾನ್‌ಸ್ಕಿ ಸೆರ್ಬಿಯಾಕ್ಕೆ ಹೊರಟ ಸುದ್ದಿಯನ್ನು ಲೆವಿನ್‌ಗೆ ಹೇಳುತ್ತಾಳೆ. ಅನ್ನಾಳ ಹೆಸರು ಅಲ್ಲಿ ಯಾರ ಬಾಯಲ್ಲೂ ಬರುವುದಿಲ್ಲ.

ಇನ್ನೊಂದು ಹೆಸರು ಮಾತ್ರ ನನ್ನನ್ನು ಬಿಡುವುದಿಲ್ಲ. ಅನ್ನಾ ಮತ್ತು ವ್ರಾನ್‌ಸ್ಕಿಯ ಮಗಳು, ಅವಳ ಹೆಸರೂ ಅನ್ನಾ. ತನ್ನ ಮಗಳು ಕಾನೂನಿನ ಕಣ್ಣಿನಲ್ಲಿ ತನ್ನವಳಲ್ಲ, ಕರೆನಿನ್‌ನ ಮಗಳು ಎಂದು ವ್ರಾನ್‌ಸ್ಕಿ ಆರನೇ ಭಾಗದಲ್ಲಿ ಅಳಲು ತೋಡಿಕೊಂಡದ್ದು ಡಾಲಿಯ ಮುಂದೆಯೇ. ಅನ್ನಾ ಸತ್ತ ಮೇಲೆ ಕರೆನಿನ್ ಬಂದು ಮಗುವನ್ನು ಕರೆದುಕೊಂಡು ಹೋದ ಎಂಬುದನ್ನು ವ್ರಾನ್‌ಸ್ಕಿಯ ತಾಯಿ ರೈಲಿನಲ್ಲಿ ಮಾತಿನ ನಡುವೆ ಹೇಳುತ್ತಾಳೆ. ವ್ರಾನ್‌ಸ್ಕಿ ಆ ಗಳಿಗೆಯಲ್ಲಿ ಎಲ್ಲಕ್ಕೂ ಒಪ್ಪಿಬಿಟ್ಟ, ಈಗ ಕೊಟ್ಟ ಮಾತನ್ನು ಹಿಂದಕ್ಕೆ ಪಡೆಯಲಾರ. ಹುಟ್ಟಿದಾಗ ಆ ಕೂಸನ್ನು ಉಳಿಸಿಕೊಂಡವನು ಕರೆನಿನ್, ಈಗ ಬೆಳೆಸಬೇಕಾದವನೂ ಅವನೇ. ಆ ಮನೆಯಲ್ಲಿ ಸೆರ್ಯೋಜಾ ಇದ್ದಾನೆ. ತಾಯಿಯ ಹೆಸರೆತ್ತಬಾರದು ಎಂದು ಕಲಿತ ಹುಡುಗ, ಅವನಿಗೆ ಈಗ ತಂಗಿಯೊಬ್ಬಳು ಬಂದಿದ್ದಾಳೆ. ಟಾಲ್‌ಸ್ಟಾಯ್ ಆ ಮಕ್ಕಳನ್ನು ಎಂಟನೇ ಭಾಗದಲ್ಲಿ ನಮಗೆ ತೋರಿಸುವುದಿಲ್ಲ. ಮುಂದಿನ ಸಲ ಓದುವಾಗ ನಾನು ಆ ಮಗುವಿನ ಪುಟಗಳನ್ನಷ್ಟೇ ಗುರುತು ಹಾಕಿಕೊಂಡು ಓದಬೇಕೆಂದಿದ್ದೇನೆ. ಅವಳು ಬರುವ ಪುಟಗಳು ಹೆಚ್ಚಿಲ್ಲ.